ಹಳೆಯ ಫಿಲ್ಮ್ ಡಬ್ಬ ಸಿಕ್ಕಿತೇ? ನೈಟ್ರೇಟೋ, ಅಸಿಟೇಟೋ, ಪಾಲಿಯೆಸ್ಟರೋ ಮೊದಲು ನೋಡಿ

ತುಕ್ಕು ಹಿಡಿದ ಒಂದು ದುಂಡು ಡಬ್ಬ. ಒಳಗೆ ಬಿಗಿಯಾಗಿ ಸುತ್ತಿಟ್ಟ ರೀಲು. ಅಜ್ಜನ ಟ್ರಂಕಿನಲ್ಲೋ, ಬಾಗಿಲು ಮುಚ್ಚಿದ ಟಾಕೀಸಿನ ಕ್ಯಾಬಿನ್ನಿನಲ್ಲೋ, ಗುಜರಿ ಅಂಗಡಿಯಲ್ಲೋ ಇಂಥದ್ದು ಇವತ್ತಿಗೂ ಸಿಗುತ್ತದೆ. ಸಿಕ್ಕವರೆಲ್ಲ ಮೊದಲು ಕೇಳುವುದು "ಇದು ಯಾವ ಸಿನಿಮಾ?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಇದು ಯಾವ ಪ್ಲಾಸ್ಟಿಕ್ಕು?

ಯಾಕೆಂದರೆ ಸಿನಿಮಾ ಫಿಲ್ಮಿನ ಪಟ್ಟಿ ಮುಖ್ಯವಾಗಿ ಮೂರು ಬಗೆಯದ್ದು. ಒಂದು ಮನೆಯನ್ನೇ ಸುಡಬಲ್ಲದು. ಇನ್ನೊಂದು ಸದ್ದಿಲ್ಲದೆ ಕೊಳೆಯುತ್ತದೆ, ಪಕ್ಕದ ಡಬ್ಬವನ್ನೂ ಕೊಳೆಸುತ್ತದೆ. ಮೂರನೆಯದು ಪ್ರೊಜೆಕ್ಟರಿನ ಹಲ್ಲು ಮುರಿದರೂ ತಾನು ಹರಿಯುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೊಟ್ಟುಬಿಡಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನುವುದೆಲ್ಲ ಇದರ ಮೇಲೆ ನಿಂತಿದೆ.

ನಾವು ಸಿನಿಮಾಕ್ಕೆಲ್ಲ ಒಟ್ಟಾಗಿ ಸೆಲ್ಯುಲಾಯ್ಡ್ ಅಂತೀವಿ. ನಿಜಕ್ಕೂ ಆ ಹೆಸರು ಸಲ್ಲುವುದು ಮೊದಲನೆಯದಕ್ಕೆ, ಅಂದರೆ ನೈಟ್ರೇಟಿಗೆ ಮಾತ್ರ.

ಹತ್ತಿ, ಆಸಿಡ್, ಕರ್ಪೂರ

ಸೆಲ್ಯುಲಾಯ್ಡ್ ಮಾಡುವ ವಿಧಾನ ಕೇಳಿದರೆ ಸ್ವಲ್ಪ ಗಾಬರಿ ಆಗುತ್ತದೆ. ಹತ್ತಿಯನ್ನು ನೈಟ್ರಿಕ್ ಆಸಿಡ್ ಮತ್ತು ಸಲ್ಫ್ಯೂರಿಕ್ ಆಸಿಡ್ ಮಿಶ್ರಣದಲ್ಲಿ ನೆನೆಸಬೇಕು. ನೈಟ್ರೇಟ್ ಅಂಶ ಜಾಸ್ತಿ ಆದರೆ ಅದು ಗನ್‌ಕಾಟನ್, ತೋಪು ಬಂದೂಕುಗಳಿಗೆ ಹಾಕುವ ಮದ್ದು. ಸ್ವಲ್ಪ ಕಡಿಮೆ ಇಟ್ಟು, ಅದಕ್ಕೆ ಕರ್ಪೂರ ಸೇರಿಸಿ ಬಿಸಿಯಲ್ಲಿ ಒತ್ತಿದರೆ ಬೇಕಾದ ಆಕಾರಕ್ಕೆ ಬಗ್ಗುವ ಪ್ಲಾಸ್ಟಿಕ್ಕು. ಹೌದು, ಕರ್ಪೂರವೇ. ಮದ್ದಿನ ತಮ್ಮನಿಗೆ ಕರ್ಪೂರ ಬೆರೆಸಿದರೆ ಹೇಗೆ ಉರಿಯಬಹುದು ಅಂತ ಮಂಗಳಾರತಿ ತಟ್ಟೆ ನೋಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಅಲೆಕ್ಸಾಂಡರ್ ಪಾರ್ಕ್ಸ್ ಇದರ ಮೊದಲ ರೂಪವನ್ನು 1862ರ ಲಂಡನ್ ವಸ್ತುಪ್ರದರ್ಶನದಲ್ಲಿ ಇಟ್ಟ. ಹೆಸರು ಪಾರ್ಕ್ಸೀನ್. ವ್ಯಾಪಾರ ಕೈಹಿಡಿಯಲಿಲ್ಲ. ಅದನ್ನು ಗೆಲ್ಲಿಸಿದವನು ಅಮೆರಿಕದ ಆಲ್ಬನಿಯ ಮುದ್ರಣ ಕೆಲಸಗಾರ ಜಾನ್ ವೆಸ್ಲಿ ಹಯಟ್. ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲು ಬೇರೆ ವಸ್ತು ಕಂಡುಹಿಡಿದವರಿಗೆ 10,000 ಡಾಲರ್ ಅಂತ ಒಂದು ಕಂಪನಿ ಜಾಹೀರಾತು ಕೊಟ್ಟಿತ್ತು. ಹಯಟ್ ಆ ಆಸೆಗೆ ಬಿದ್ದು ಹುಡುಕಾಟ ಶುರು ಮಾಡಿದ. 1870ರಲ್ಲಿ ಕರ್ಪೂರದ ವಿಧಾನಕ್ಕೆ ಪೇಟೆಂಟ್ ಪಡೆದ. ಸೆಲ್ಯುಲಾಯ್ಡ್ ಅನ್ನುವ ಹೆಸರು ಇಟ್ಟವನು ಅವನ ಅಣ್ಣ ಐಸಾಯ. ಚೆಂಡುಗಳ ಬಗ್ಗೆ ಹಯಟ್ ತಾನೇ ಹೇಳಿಕೊಂಡ ಒಂದು ಕಥೆ ಇದೆ. ಚೆಂಡು ಚೆಂಡಿಗೆ ಬಡಿದಾಗ ಕೆಲವೊಮ್ಮೆ ಸಣ್ಣದಾಗಿ ಪಟ್ ಅನ್ನುತ್ತಿತ್ತಂತೆ. ಕೊಲರಾಡೋದ ಒಬ್ಬ ಸಲೂನ್ ಮಾಲೀಕ ಬರೆದನಂತೆ: ನನಗೇನೂ ಬೇಜಾರಿಲ್ಲ, ಆದರೆ ಸದ್ದು ಕೇಳಿದೊಡನೆ ಕೋಣೆಯಲ್ಲಿದ್ದವರೆಲ್ಲ ಪಿಸ್ತೂಲು ಹೊರಗೆ ತೆಗೆಯುತ್ತಾರೆ.

ಬಾಚಣಿಗೆ, ಗೊಂಬೆ, ಅಂಗಿಯ ಕಾಲರು, ಹಲ್ಲಿನ ಸೆಟ್ಟು, ಎಲ್ಲಕ್ಕೂ ಸೆಲ್ಯುಲಾಯ್ಡ್ ಬಂತು. ಟೇಬಲ್ ಟೆನ್ನಿಸ್ ಚೆಂಡಿನಲ್ಲಂತೂ 2014ರವರೆಗೂ ಉಳಿದಿತ್ತು. ಆಮೇಲೆ ದೊಡ್ಡ ಪಂದ್ಯಗಳಿಗೆ ಬೇರೆ ಪ್ಲಾಸ್ಟಿಕ್ ಬಂತು.

ಇದು ಸಿನಿಮಾಕ್ಕೆ ಹೇಗೆ ಬಂತು? ಆಗ ಬೇರೆ ದಾರಿ ಇರಲಿಲ್ಲ, ಅಷ್ಟೇ. ಗಾಜಿನ ಪ್ಲೇಟು ಸುತ್ತಲು ಬರುವುದಿಲ್ಲ. ಕಾಗದದ ಮೂಲಕ ಬೆಳಕು ಸರಿಯಾಗಿ ಹಾಯುವುದಿಲ್ಲ. ತೆಳ್ಳಗೆ, ಗಾಜಿನಷ್ಟು ತಿಳಿಯಾಗಿ, ಎಳೆದರೆ ಹರಿಯದೆ, ಚಕ್ರಕ್ಕೆ ಸುತ್ತಿಕೊಳ್ಳುವ ವಸ್ತು 1880ರ ದಶಕದಲ್ಲಿ ಒಂದೇ ಇತ್ತು. ನ್ಯೂವಾರ್ಕಿನ ಪಾದ್ರಿ ಹ್ಯಾನಿಬಲ್ ಗುಡ್‌ವಿನ್ 1887ರಲ್ಲೇ ಇದರ ಮೇಲೆ ಫಿಲ್ಮ್ ಮಾಡುವ ಪೇಟೆಂಟಿಗೆ ಅರ್ಜಿ ಹಾಕಿದ. ಅದು ಕೈಗೆ ಬಂದದ್ದು 1898ರಲ್ಲಿ. ಅಷ್ಟರಲ್ಲಿ ಜಾರ್ಜ್ ಈಸ್ಟ್‌ಮನ್ ಕಂಪನಿ 1889ರಿಂದಲೇ ಫಿಲ್ಮ್ ಮಾರಿ ದೊಡ್ಡದಾಗಿತ್ತು. ಪೇಟೆಂಟು ಕೊಂಡವರು ಕೊನೆಗೆ ಕೋರ್ಟಿನಲ್ಲಿ ಗೆದ್ದರು. 1914ರಲ್ಲಿ ಈಸ್ಟ್‌ಮನ್ ಕಂಪನಿ 50 ಲಕ್ಷ ಡಾಲರ್ ತೆರಬೇಕಾಯಿತು. ಪಾದ್ರಿ ಮಾತ್ರ 1900ರಲ್ಲೇ ತೀರಿಕೊಂಡಿದ್ದ.

ಎಡಿಸನ್ ಪ್ರಯೋಗಾಲಯದ ಡಿಕ್ಸನ್ ಈಸ್ಟ್‌ಮನ್‌ನ ಅಗಲ ಫಿಲ್ಮನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದೊಂದು ಚಿತ್ರಕ್ಕೆ ಪ್ರತಿ ಬದಿಗೆ ನಾಲ್ಕು ತೂತು ಹೊಡೆದ. ಅದೇ ಇವತ್ತಿನ 35 ಎಂಎಂ. ನಿಮ್ಮ ಕೈಯ ಡಬ್ಬದಲ್ಲಿರುವುದೂ ಬಹುಶಃ ಅದೇ ಅಳತೆ.

ನೈಟ್ರೇಟ್: ಚಂದ ಇದೆ, ಆದರೆ ಮನೆಯಲ್ಲಿ ಬೇಡ

ನೈಟ್ರೇಟ್ ಫಿಲ್ಮಿನ ಬೆಂಕಿ ಸಾಮಾನ್ಯ ಬೆಂಕಿಯಲ್ಲ. ಸೌದೆ ಉರಿಯಲು ಗಾಳಿ ಬೇಕು. ಇದಕ್ಕೆ ಬೇಕಾದ ಆಮ್ಲಜನಕ ಇದರ ಒಳಗೇ ಇದೆ. ಮರಳು ಸುರಿದರೆ, ಕಂಬಳಿ ಹೊದಿಸಿದರೆ ಆರುವುದಿಲ್ಲ. ಹೊತ್ತಿಕೊಂಡ ರೀಲನ್ನು ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತಲೇ ಇರುತ್ತದೆ. ಮೇಲಾಗಿ ಅದರ ಹೊಗೆ ವಿಷ. ಬೆಂಕಿಗಿಂತ ಆ ಹೊಗೆಯೇ ಎಷ್ಟೋ ಕಡೆ ಜನರನ್ನು ಕೊಂದಿದೆ.

1926ರಲ್ಲಿ ಐರ್ಲೆಂಡಿನ ಡ್ರೊಮ್‌ಕಾಲೊಹರ್ ಎಂಬ ಹಳ್ಳಿಯಲ್ಲಿ ಮರದ ಅಟ್ಟದ ಮೇಲೆ ಸಿನಿಮಾ ತೋರಿಸುತ್ತಿದ್ದರು. ರೀಲುಗಳಿದ್ದ ಮೇಜಿನ ಮೇಲೆ ಒಂದು ಮೇಣದಬತ್ತಿ. 48 ಜನ ಸತ್ತರು. 1929ರ ಕೊನೆಯ ದಿನ ಸ್ಕಾಟ್ಲೆಂಡಿನ ಪೇಯ್ಸ್ಲಿಯಲ್ಲಿ ಮಕ್ಕಳ ಶೋ ನಡೆಯುವಾಗ ಒಂದು ಡಬ್ಬದಿಂದ ಹೊಗೆ ಬಂತು. ಸಭಾಂಗಣಕ್ಕೆ ಬೆಂಕಿ ತಗುಲಲೇ ಇಲ್ಲ. ಹೊಗೆ ಕಂಡು ಓಡಿದ ಮಕ್ಕಳು ಹೊರಬಾಗಿಲ ಹತ್ತಿರ ಒಬ್ಬರ ಮೇಲೊಬ್ಬರು ಬಿದ್ದು, ಸುಮಾರು 70 ಮಕ್ಕಳು ಉಸಿರುಗಟ್ಟಿ ಸತ್ತರು. ಅದೇ ವರ್ಷ ಅಮೆರಿಕದ ಕ್ಲೀವ್‌ಲೆಂಡ್‌ನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಎಕ್ಸ್‌ರೇ ಫಿಲ್ಮುಗಳು ಹೊತ್ತಿಕೊಂಡು 123 ಜನ ತೀರಿಕೊಂಡರು. ಆಗಿನ ಎಕ್ಸ್‌ರೇ ಕೂಡ ನೈಟ್ರೇಟ್ ಮೇಲೇ ಇರುತ್ತಿತ್ತು. ಹಾಗಾಗಿ ಹಳೆ ಡಾಕ್ಟರ ಮನೆಯ ಬೀರು ಖಾಲಿ ಮಾಡುವವರೂ ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಒಂದು ತಪ್ಪು ತಿಳಿವಳಿಕೆ ಇಲ್ಲೇ ತಿದ್ದಿಬಿಡುತ್ತೇನೆ. ಪ್ಯಾರಿಸ್ಸಿನಲ್ಲಿ 1897ರಲ್ಲಿ ಒಂದು ದಾನದ ಸಂತೆಗೆ ಬೆಂಕಿ ಬಿದ್ದು 120ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ದೊಡ್ಡ ಮನೆತನದ ಹೆಂಗಸರು. ಅದಕ್ಕೂ ಫಿಲ್ಮೇ ಕಾರಣ ಅಂತ ಹಲವರು ಬರೆಯುತ್ತಾರೆ. ಮೊದಲು ಹೊತ್ತಿದ್ದು ಪ್ರೊಜೆಕ್ಟರ್ ದೀಪಕ್ಕೆ ಹಾಕುವ ಈಥರ್. ಆದರೆ ಕೆಟ್ಟ ಹೆಸರು ಸಿನಿಮಾಕ್ಕೇ ಅಂಟಿಕೊಂಡಿತು.

ಪ್ರೊಜೆಕ್ಟರ್ ಇರುವ ಕೋಣೆಯನ್ನು ದಪ್ಪ ಗೋಡೆ ಎಬ್ಬಿಸಿ ಬೇರೆ ಮಾಡಿದ್ದು, ಪರದೆ ಕಡೆಯ ಸಣ್ಣ ಕಿಂಡಿಗಳಿಗೆ ದಡ್ ಅಂತ ಬೀಳುವ ಕಬ್ಬಿಣದ ಮುಚ್ಚಳ ಇಟ್ಟಿದ್ದು, ಇದೆಲ್ಲ ಈ ಭಯದಿಂದ. ನಮ್ಮಲ್ಲಿ 1918ರ ಸಿನಿಮಾಟೋಗ್ರಾಫ್ ಕಾಯ್ದೆ ಅಂದರೆ ಎಲ್ಲರಿಗೂ ಸೆನ್ಸಾರ್ ನೆನಪಾಗುತ್ತದೆ. ಜನರ ಸುರಕ್ಷತೆ ನೋಡಿ ಸಿನಿಮಾ ತೋರಿಸುವ ಜಾಗಕ್ಕೆ ಲೈಸೆನ್ಸ್ ಕೊಡುವುದೂ ಅದರ ಕೆಲಸವೇ ಆಗಿತ್ತು.

ಇಷ್ಟು ಬೈದ ಮೇಲೆ ನೈಟ್ರೇಟಿನ ಪರವಾಗಿಯೂ ಎರಡು ಮಾತು ಹೇಳಲೇಬೇಕು. ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟ ನೈಟ್ರೇಟ್ ನೂರು ವರ್ಷ ದಾಟಿಯೂ ಚೆನ್ನಾಗಿದೆ. ಅಮೆರಿಕದ ರಾಚೆಸ್ಟರ್‌ನಲ್ಲಿರುವ ಜಾರ್ಜ್ ಈಸ್ಟ್‌ಮನ್ ಮ್ಯೂಸಿಯಂ 2015ರಿಂದ ಬರೀ ನೈಟ್ರೇಟ್ ಪ್ರಿಂಟುಗಳನ್ನೇ ತೋರಿಸುವ ಉತ್ಸವ ನಡೆಸುತ್ತಿದೆ. ನೋಡಿದವರು ಕಪ್ಪು ಬಿಳುಪು ಹೊಳೆಯುತ್ತದೆ ಅಂತಾರೆ. ಆ ಹೊಳಪೆಲ್ಲ ಪ್ಲಾಸ್ಟಿಕ್ಕಿನದೇ ಅಂತ ನಾನು ನಂಬುವುದಿಲ್ಲ. ಆ ಕಾಲದ ಎಮಲ್ಷನ್ನಿನಲ್ಲಿ, ಅಂದರೆ ಪಟ್ಟಿಯ ಮೇಲೆ ಚಿತ್ರ ಮೂಡುವ ಲೇಪದಲ್ಲಿ, ಬೆಳ್ಳಿ ಜಾಸ್ತಿ ಇರುತ್ತಿತ್ತು, ಅದರ ಪಾಲೂ ಇದೆ.

ಹಾಳಾದ ನೈಟ್ರೇಟ್ ಬೇರೆಯೇ ಪ್ರಾಣಿ. ಮೊದಲು ಹಳದಿ ಬಣ್ಣಕ್ಕೆ ತಿರುಗಿ ಚಿತ್ರ ಮಾಸುತ್ತದೆ. ಆಮೇಲೆ ಅಂಟಂಟಾಗುತ್ತದೆ. ಜೇನಿನ ಬಣ್ಣದ ನೊರೆ, ಗುಳ್ಳೆ ಏಳುತ್ತದೆ. ನಂತರ ಇಡೀ ರೀಲು ಒಂದೇ ಗಟ್ಟಿ ಮುದ್ದೆ. ಕೊನೆಗೆ ಕಂದು ಪುಡಿ. ಹೀಗೆ ಕೊಳೆಯುತ್ತಿರುವ ರೀಲು ದಿನಗಟ್ಟಲೆ ಬಿಸಿಯಲ್ಲಿದ್ದರೆ 41 ಡಿಗ್ರಿಯಷ್ಟರಲ್ಲೇ ತಾನಾಗಿ ಹೊತ್ತಿಕೊಳ್ಳಬಹುದು. 41 ಡಿಗ್ರಿ ಅಂದರೆ ರಾಯಚೂರು, ಕಲಬುರಗಿಯವರಿಗೆ ಏಪ್ರಿಲ್ ತಿಂಗಳ ಮಾಮೂಲಿ ಮಧ್ಯಾಹ್ನ. ತಗಡಿನ ಮಾಡಿನ ಕೆಳಗಿನ ಅಟ್ಟದ ಬಿಸಿಯಂತೂ ಕೇಳಲೇಬೇಡಿ.

ಪುಣೆಯಲ್ಲಿ 2003ರ ಜನವರಿಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ರೀಲುಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ನೂರಾರು ಹಳೆಯ ಸಿನಿಮಾಗಳು ಬೂದಿಯಾದವು. ಕಾಯುವುದೇ ಕೆಲಸವಾಗಿದ್ದವರ ಕೈಯಲ್ಲೇ ಹೀಗಾದರೆ ನಮ್ಮ ಅಟ್ಟದ ಮಾತೇನು?

ಅಸಿಟೇಟ್: ಸೇಫ್ಟಿ ಅಂದರೆ ಯಾರಿಗೆ ಸೇಫ್ಟಿ?

ಬೆಂಕಿ ಹಿಡಿಯದ ಫಿಲ್ಮಿನ ಹುಡುಕಾಟ ಮೊದಲಿನಿಂದಲೂ ಇತ್ತು. ಉತ್ತರ ಸಿಕ್ಕಿದ್ದು ನೈಟ್ರಿಕ್ ಬದಲು ಅಸಿಟಿಕ್ ಆಸಿಡ್ ಕಡೆಯಿಂದ. ಮನೆಮಂದಿ ಕೈಗೆ ಕೊಡುವ 16 ಎಂಎಂ ಫಿಲ್ಮನ್ನು ಈಸ್ಟ್‌ಮನ್‌ನ ಕೊಡಕ್ ಕಂಪನಿ 1923ರಲ್ಲಿ ತಂದಾಗಲೇ ಅಸಿಟೇಟ್ ಮೇಲೆ ತಂದಿತು. ಮಕ್ಕಳಿರುವ ಮನೆಗೆ ನೈಟ್ರೇಟ್ ಮಾರಲು ಯಾರಿಗೂ ಧೈರ್ಯ ಇರಲಿಲ್ಲ. ಆದರೆ ಥಿಯೇಟರಿನ 35 ಎಂಎಂಗೆ ಆ ಹಳೆ ಅಸಿಟೇಟ್ ತಾಳುತ್ತಿರಲಿಲ್ಲ. 1948ರಲ್ಲಿ ಟ್ರೈಅಸಿಟೇಟ್ ಬಂದ ಮೇಲೆ ದಾರಿ ಸುಗಮವಾಯಿತು. 1951ರ ಸುಮಾರಿಗೆ ಕೊಡಕ್ ನೈಟ್ರೇಟ್ ಮಾಡುವುದನ್ನೇ ನಿಲ್ಲಿಸಿತು.

ಕನ್ನಡದವರಿಗೆ ಒಂದು ಸುಲಭದ ಗುರುತು. ರಾಜ್‌ಕುಮಾರ್ ನಾಯಕನಾಗಿ ತೆರೆಗೆ ಬಂದ 1954ರ ಹೊತ್ತಿಗೆ ಈ ಬದಲಾವಣೆ ಆಗಿಹೋಗಿತ್ತು. ಅವರಿಗಿಂತ ಹಳೆಯ 35 ಎಂಎಂ ಕನ್ನಡ ರೀಲು ಸಿಕ್ಕರೆ ನೈಟ್ರೇಟ್ ಅಂತಲೇ ಅನುಮಾನಿಸಿ. ಅದರ ನಂತರದ್ದು ಬಹುಮಟ್ಟಿಗೆ ಅಸಿಟೇಟ್.

ಟೆಂಟಿನಲ್ಲಿ ಸಿನಿಮಾ ನೋಡಿದವರಿಗೆ ಇದು ನೆನಪಿರಬಹುದು. ಇದ್ದಕ್ಕಿದ್ದಂತೆ ಚಿತ್ರ ನಿಲ್ಲುತ್ತದೆ. ನಾಯಕಿಯ ಮುಖದ ನಡುವೆ ಕಂದು ಗುಳ್ಳೆ ಏಳುತ್ತದೆ, ಹರಡುತ್ತದೆ, ಪರದೆ ಬೆಳ್ಳಗಾಗುತ್ತದೆ. ಜನ ಶಿಳ್ಳೆ ಹೊಡೆಯುತ್ತಾರೆ. ಆಪರೇಟರ್ ಸುಟ್ಟ ಭಾಗ ಕತ್ತರಿಸಿ, ಸಿಮೆಂಟು ಅನ್ನುವ ಫಿಲ್ಮ್ ಅಂಟು ಹಚ್ಚಿ ಜಾಯಿಂಟ್ ಹಾಕಿ ಮತ್ತೆ ಬಿಡುತ್ತಾನೆ. ಅದು ಅಸಿಟೇಟ್. ಬಿಸಿಗೆ ಕರಗುತ್ತದೆ, ಅಷ್ಟೇ. ನೈಟ್ರೇಟ್ ಆಗಿದ್ದರೆ ಶಿಳ್ಳೆ ಹೊಡೆಯುವಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ.

ಆದರೆ ಅಂಚಿನಲ್ಲಿ 'ಸೇಫ್ಟಿ' ಅಂತ ಬರೆದದ್ದನ್ನು ನಂಬಿ ನಾವು ಮೋಸ ಹೋದೆವು. ಅದು ಜನರ ಜೀವದ ಸೇಫ್ಟಿ, ಚಿತ್ರದ ಸೇಫ್ಟಿ ಅಲ್ಲ. ಬಿಸಿ ಮತ್ತು ತೇವ ಸೇರಿದರೆ ಅಸಿಟೇಟ್ ತನ್ನೊಳಗಿನ ಅಸಿಟಿಕ್ ಆಸಿಡ್ ಬಿಡಲು ಶುರು ಮಾಡುತ್ತದೆ. ಅದೇ ವಿನೆಗರ್ ವಾಸನೆ. ಬಿಟ್ಟ ಆಸಿಡ್ ಮತ್ತಷ್ಟು ಆಸಿಡ್ ಬಿಡಿಸುತ್ತದೆ. ಹೆಪ್ಪು ಹಾಕಿದ ಹಾಲಿನಂತೆ, ಒಮ್ಮೆ ಶುರುವಾದರೆ ತಾನೇ ಮುಂದುವರಿಯುತ್ತದೆ. ಫಿಲ್ಮು ಕುಗ್ಗುತ್ತದೆ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಎಮಲ್ಷನ್ ಕಿತ್ತು ಬರುತ್ತದೆ. ಕುಗ್ಗಿದ ಫಿಲ್ಮಿನ ತೂತುಗಳು ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದೇ ಇಲ್ಲ.

ಈ ಕಾಯಿಲೆಯ ಮೊದಲ ದೂರು ಕೊಡಕ್‌ಗೆ ಹೋದದ್ದು ಎಲ್ಲಿಂದ ಗೊತ್ತಾ? ಭಾರತ ಸರ್ಕಾರದಿಂದ. ಟ್ರೈಅಸಿಟೇಟ್ ಬಂದು ಹತ್ತು ವರ್ಷ ಆಗುವ ಮೊದಲೇ. ನಮ್ಮ ಸೆಖೆಯಲ್ಲಿಟ್ಟ ಫಿಲ್ಮು ಅಷ್ಟು ಬೇಗ ಹುಳಿ ಹಿಡಿದಿತ್ತು. ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಹೇಳುವ ಲೆಕ್ಕದಲ್ಲಿ, 21 ಡಿಗ್ರಿ ಮತ್ತು 50 ಪರ್ಸೆಂಟ್ ತೇವದಲ್ಲಿ ಹೊಸ ಅಸಿಟೇಟಿಗೆ ವಾಸನೆ ಶುರುವಾಗಲು ಸುಮಾರು 40ರಿಂದ 50 ವರ್ಷ ಬೇಕು. ಮಂಗಳೂರಿನಲ್ಲೋ ಉಡುಪಿಯಲ್ಲೋ ವರ್ಷವಿಡೀ 21 ಡಿಗ್ರಿ ಇರುವ ಮನೆ ಯಾವುದಿದೆ ಹೇಳಿ?

ಒಳ್ಳೆಯ ಉದಾಹರಣೆಯೂ ಇದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯಲ್ಲಿ ಉಳಿದಿತ್ತು. ಅದರಿಂದಲೇ ಚಿತ್ರವನ್ನು ಮತ್ತೆ ಸರಿಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಒಂದು ನೆಗೆಟಿವ್ ಉಳಿದರೆ ಎಷ್ಟೆಲ್ಲ ಸಾಧ್ಯ ನೋಡಿ.

ಪಾಲಿಯೆಸ್ಟರ್: ತಲೆನೋವು ಕಡಿಮೆ

ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅದೇ ಇದರ ಗುಣ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನ ಕುಲದ್ದೇ. ಹುಳಿ ಹಿಡಿಯುವುದಿಲ್ಲ, ಸುಲಭಕ್ಕೆ ಹೊತ್ತುವುದಿಲ್ಲ. ಥಿಯೇಟರ್ ಪ್ರಿಂಟುಗಳು 1990ರ ದಶಕದಲ್ಲಿ ಇದಕ್ಕೆ ಬದಲಾದವು. ಆಪರೇಟರುಗಳಿಗೆ ಮಾತ್ರ ಇದರ ಮೇಲೆ ಸಿಟ್ಟು. ಸಿಮೆಂಟು ಹಿಡಿಯುವುದಿಲ್ಲ, ಟೇಪೇ ಹಾಕಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಫಿಲ್ಮು ಹರಿಯುವ ಬದಲು ಮೆಷಿನ್ನಿಗೆ ಪೆಟ್ಟಾಗುತ್ತದೆ. ಕ್ಯಾಮೆರಾ ನೆಗೆಟಿವ್ ಅಸಿಟೇಟ್ ಮೇಲೇ ಉಳಿದದ್ದಕ್ಕೂ ಇದೊಂದು ಕಾರಣ. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಮುರಿಯುವುದಕ್ಕಿಂತ ಫಿಲ್ಮು ಹರಿಯುವುದು ವಾಸಿ. ಆದರೆ ಪಟ್ಟಿ ಗಟ್ಟಿ ಅಂದಮಾತ್ರಕ್ಕೆ ಬಣ್ಣ ಗಟ್ಟಿ ಅಲ್ಲ. ಕಲರ್ ಪ್ರಿಂಟು ಯಾವ ಪಟ್ಟಿಯ ಮೇಲಿದ್ದರೂ ಬಿಸಿಗೆ ಬಣ್ಣ ಮಾಸುತ್ತದೆ.

ಕೈಯಲ್ಲಿರುವುದು ಯಾವುದು?

ಮೊದಲು ಅಗಲ ಅಳೆಯಿರಿ. 8 ಎಂಎಂ, 16 ಎಂಎಂ ಆದರೆ ಬಹುಪಾಲು ನಿಶ್ಚಿಂತೆ, ಅವು ಶುರುವಿನಿಂದಲೂ ಸೇಫ್ಟಿ ಫಿಲ್ಮು. 35 ಎಂಎಂ ಆದರೆ ಅಂಚು ನೋಡಿ. ತೂತುಗಳ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ನೈಟ್ರೇಟ್ ಅಥವಾ ಸೇಫ್ಟಿ ಅಂತ ಸಣ್ಣ ಅಕ್ಷರ ಇರುತ್ತದೆ. ಇಲ್ಲೊಂದು ಬಲೆ ಇದೆ. ಹಳೆ ನೆಗೆಟಿವ್‌ನಿಂದ ಹೊಸ ಪ್ರಿಂಟು ತೆಗೆದಾಗ ಹಳೆಯದರ ಅಂಚಿನ ಅಕ್ಷರವೂ ಜೊತೆಗೆ ಅಚ್ಚಾಗಿರಬಹುದು. ಎರಡೂ ಪದ ಕಂಡರೆ, ಗೊತ್ತಿದ್ದವರು ನೋಡಿ ಹೇಳುವವರೆಗೆ ನೈಟ್ರೇಟ್ ಅಂತಲೇ ಇಟ್ಟುಕೊಳ್ಳಿ.

ಪಾಲಿಯೆಸ್ಟರ್ ಪತ್ತೆ ಸುಲಭ. ಸುತ್ತಿದ ರೀಲನ್ನು ಅಡ್ಡಲಾಗಿ ಬೆಳಕಿಗೆ ಹಿಡಿಯಿರಿ. ಅಂಚಿನಿಂದ ಬೆಳಕು ಒಳಗೆ ಹಾಯ್ದು ಕಂಡರೆ ಪಾಲಿಯೆಸ್ಟರ್, ಕಪ್ಪಾಗಿ ಕಂಡರೆ ಉಳಿದ ಎರಡರಲ್ಲೊಂದು. ಇನ್ನೊಂದು ಆಟವೂ ಇದೆ. ಲ್ಯಾಪ್‌ಟಾಪ್ ಪರದೆಯ ಮುಂದೆ ಚಿತ್ರವಿಲ್ಲದ ಖಾಲಿ ತುಂಡು ಹಿಡಿದು, ಪೋಲರಾಯ್ಡ್ ತಂಪು ಕನ್ನಡಕ ಹಾಕಿ ನೋಡಿ. ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಪಾಲಿಯೆಸ್ಟರ್.

ಆಮೇಲೆ ವಾಸನೆ. ಡಬ್ಬದೊಳಗೆ ಮೂಗು ತೂರಿಸಬೇಡಿ. ಕಿಟಕಿ ತೆರೆದು, ದೂರದಿಂದ ಕೈಯಲ್ಲಿ ಬೀಸಿಕೊಂಡರೆ ಸಾಕು. ವಿನೆಗರ್ ಆದರೆ ಅಸಿಟೇಟ್. ತೊಳೆಯದ ಸಾಕ್ಸಿನ ಹಾಗೆ ಮುಗ್ಗಲು ಘಾಟು ಆದರೆ ನೈಟ್ರೇಟ್. ವಾಸನೆಯೇ ಇಲ್ಲ ಅಂದರೆ ಹಾಳಾಗಿಲ್ಲ ಅಂತಷ್ಟೇ ಅರ್ಥ, ನೈಟ್ರೇಟ್ ಅಲ್ಲ ಅಂತಲ್ಲ.

ತುದಿ ಕತ್ತರಿಸಿ ಬೆಂಕಿ ಹಚ್ಚಿ ನೋಡುವ ಪರೀಕ್ಷೆಯ ಬಗ್ಗೆ ನೀವು ಕೇಳಿರಬಹುದು. ದಯವಿಟ್ಟು ಮಾಡಬೇಡಿ.

ಹಾಗಾದರೆ ಏನು ಮಾಡೋದು?

ನೈಟ್ರೇಟ್ ಅನ್ನಿಸಿದರೆ ನನ್ನ ಸಲಹೆ ಒಂದೇ. ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಪ್ರೊಜೆಕ್ಟರಿಗೆ ಹಾಕಬೇಡಿ, ಬಸ್ಸಿನಲ್ಲಿ, ರೈಲಿನಲ್ಲಿ, ಕೊರಿಯರಿನಲ್ಲಿ ಕಳಿಸಬೇಡಿ. ಇದು ಅಪಾಯದ ಸರಕಿನ ಪಟ್ಟಿಯಲ್ಲಿದೆ. ನೆರಳಿರುವ, ಗಾಳಿಯಾಡುವ, ಒಲೆ ಮತ್ತು ವೈರಿಂಗಿನಿಂದ ದೂರದ ಜಾಗದಲ್ಲಿಟ್ಟು, ಪುಣೆಯ ಸಂಗ್ರಹಾಲಯಕ್ಕೋ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್‌ಗೋ ಫೋಟೋ ಸಮೇತ ತಿಳಿಸಿ. ಮುಚ್ಚಳ ಬಿಗಿದು ಟೇಪು ಸುತ್ತಬೇಡಿ, ಒಳಗಿನ ಅನಿಲ ಹೊರಗೆ ಹೋಗಬೇಕು. ಮುದ್ದೆಯೋ ಪುಡಿಯೋ ಆಗಿದ್ದರೆ ಅಲುಗಾಡಿಸದೆ ಅಗ್ನಿಶಾಮಕದವರನ್ನು ಕೇಳಿ. ಚಿತ್ರ ಹೋಯಿತು, ಉಳಿದದ್ದು ಅಪಾಯ ಮಾತ್ರ.

ಅಸಿಟೇಟ್ ಆದರೆ ಗಾಬರಿ ಬೇಡ, ಆದರೆ ತಡವೂ ಬೇಡ. ವಾಸನೆ ಬಂದ ಡಬ್ಬವನ್ನು ಬೇರೆಯವುಗಳಿಂದ ದೂರ ಇಡಿ. ತುಕ್ಕು ಡಬ್ಬದಿಂದ ಗಾಳಿ ಕಿಂಡಿ ಇರುವ ಪ್ಲಾಸ್ಟಿಕ್ ಡಬ್ಬಕ್ಕೆ ಬದಲಿಸಿ. ಆಸಿಡ್ ಎಷ್ಟಿದೆ ಅಂತ ತೋರಿಸುವ ಎ-ಡಿ ಸ್ಟ್ರಿಪ್ ಎಂಬ ಕಾಗದದ ಚೂರು ಸಿಗುತ್ತದೆ. ನೀಲಿಯಾಗಿಯೇ ಉಳಿದರೆ ಚೆನ್ನಾಗಿದೆ, ಹಸಿರಾದರೆ ಶುರುವಾಗಿದೆ, ಹಳದಿಯಾದರೆ ಇವತ್ತೇ ಸ್ಕ್ಯಾನ್ ಮಾಡಿಸಿ. ಮನೆಯ ಮದುವೆ, ನಾಮಕರಣದ ಸಣ್ಣ ರೀಲಾದರೆ ಎರಡು ಜಿಪ್ ಚೀಲದೊಳಗೆ ಹಾಕಿ ಫ್ರೀಜರಿನಲ್ಲಿ ಇಡಬಹುದು. ಹೊರಗೆ ತೆಗೆದ ಮೇಲೆ ಒಂದು ದಿನ ಬಿಟ್ಟು ಚೀಲ ಬಿಚ್ಚಿ, ಇಲ್ಲದಿದ್ದರೆ ಬೆವರು ಕಟ್ಟುತ್ತದೆ.

ಪಾಲಿಯೆಸ್ಟರ್ ಆದರೆ ಧೂಳು ಒರೆಸಿ, ತಂಪಾದ ಕಪಾಟಿನಲ್ಲಿಟ್ಟು ಸುಮ್ನೆ ಇದ್ದುಬಿಡಿ.

ಸ್ಕ್ಯಾನ್ ಮಾಡಿಸಿದ ಮೇಲೆ ರೀಲು ಎಸೆಯಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಅಸಿಟೇಟ್, ಪಾಲಿಯೆಸ್ಟರ್ ಎರಡನ್ನೂ ಎಸೆಯಬೇಡಿ. ಹಾರ್ಡ್ ಡಿಸ್ಕ್ ಹತ್ತು ವರ್ಷ ಬಂದರೆ ಪುಣ್ಯ. ದೊಡ್ಡ ಸಂಸ್ಥೆಗಳು ಡಿಜಿಟಲ್ ಫೈಲು ಇಡಲು ಬಳಸುವ ಎಲ್‌ಟಿಒ ಟೇಪನ್ನೂ ಕೆಲವೇ ತಲೆಮಾರುಗಳ ಡ್ರೈವ್‌ಗಳು ಮಾತ್ರ ಓದಬಲ್ಲವು. ಫಿಲ್ಮನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಚಿತ್ರ ಕಾಣುತ್ತದೆ. ಗುಜರಿಯವರಿಗಂತೂ ಕೊಡಲೇಬೇಡಿ. ಬೆಳ್ಳಿಯ ಆಸೆಗೆ ತೊಳೆದುಹಾಕಿದ ಸಿನಿಮಾಗಳಿಗೆ ಈ ದೇಶದಲ್ಲಿ ಲೆಕ್ಕವಿಲ್ಲ.

ಹಳೆ ಡಬ್ಬದ ಮೇಲೆ ಕನ್ನಡ ಹೆಸರಿದ್ದರೆ ಇನ್ನೂ ಸ್ವಲ್ಪ ಹುಷಾರಾಗಿರಿ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಮುಖ್ಯ ಪಾತ್ರದಲ್ಲಿ, ಚಿತ್ರೀಕರಣ ಕೊಲ್ಹಾಪುರದಲ್ಲಿ. ಇವತ್ತು ಅದರ ಒಂದು ಪ್ರಿಂಟೂ ಸಿಕ್ಕಿಲ್ಲ. ಆ ವರ್ಷದ್ದು ಅಂದಮೇಲೆ ಸಿಕ್ಕರೂ ಅದು ನೈಟ್ರೇಟೇ ಇರುತ್ತದೆ. ಹೆಸರು ಕಾಣುವ ಹಾಗೆ ಡಬ್ಬದ ಫೋಟೋ ತೆಗೆಯಿರಿ, ರೀಲು ಬಿಚ್ಚಬೇಡಿ, ಪುಣೆಗೆ ಫೋನ್ ಮಾಡಿ.